ದಂಡ ತೆತ್ತವರು, ಪರಿಹಾರ ಪಡೆದವರು

ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿ ಜೋಗ ಜಲಪಾತಕ್ಕೆ ಹತ್ತಿರದ ಒಂದು ಸಣ್ಣ ಊರು. ಜಲಪಾತ ನೋಡಲು ಹೋಗುವ ಪ್ರವಾಸಿಗರಲ್ಲಿ ಬಹುಪಾಲು ಜನ ಈ ಊರನ್ನು ಗಮನಿಸದೆ ದಾಟಿಬಿಡುತ್ತಾರೆ. ಇಲ್ಲಿ ಮಹಿಳಾ ಸತ್ಯಾಗ್ರಹದ ಸ್ಮಾರಕವೊಂದಿದೆ. 1932ರಲ್ಲಿ ಈ ಭಾಗದ ಹೆಂಗಸರು ಇಲ್ಲಿ ಉಪವಾಸ ಕುಳಿತಿದ್ದರು. ಅವರು ಕುಳಿತದ್ದು ಕಲೆಕ್ಟರರ ಕಚೇರಿಯ ಮುಂದಲ್ಲ, ಪೊಲೀಸ್ ಠಾಣೆಯ ಮುಂದೆಯೂ ಅಲ್ಲ. ಕರ ಕೊಡಲು ನಿರಾಕರಿಸಿದ ರೈತರಿಂದ ಸರ್ಕಾರ ಕಿತ್ತುಕೊಂಡಿದ್ದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ.

ಆ ಉಪವಾಸದ ಹಿಂದಿದ್ದ ಪ್ರಶ್ನೆ ಬಹಳ ಹಳೆಯದು. ಹೋರಾಟ ಮುಗಿದ ಮೇಲೆ ನಷ್ಟವನ್ನು ತುಂಬಿಕೊಡಬೇಕಾದವರು ಯಾರು? ಹಾನಿ ಮಾಡಿದವನೇ ತೆರಬೇಕು ಎಂಬುದು ಯಾರಿಗಾದರೂ ಹೊಳೆಯುವ ಉತ್ತರ. ಊರಿನ ಪಂಚಾಯಿತಿಕಟ್ಟೆಯಲ್ಲೂ ಇದೇ ನ್ಯಾಯ: ಪಕ್ಕದವನ ದನ ಬಂದು ಬೆಳೆ ಮೇಯ್ದರೆ ದನದ ಒಡೆಯನೇ ನಷ್ಟ ತುಂಬಬೇಕು. ಆದರೆ ದೇಶದೇಶಗಳ ನಡುವೆ, ಅಥವಾ ಪ್ರಭುತ್ವ ಮತ್ತು ಪ್ರಜೆಗಳ ನಡುವೆ ಈ ಸರಳ ನ್ಯಾಯ ನಡೆದದ್ದು ಕಡಿಮೆ. ಕರ್ನಾಟಕದ ಚರಿತ್ರೆಯಿಂದಲೇ ಎರಡು ಸಂದರ್ಭಗಳನ್ನು ಎತ್ತಿಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು 1792ರ ಶ್ರೀರಂಗಪಟ್ಟಣದ ಒಪ್ಪಂದ, ಇನ್ನೊಂದು ಸಿರ್ಸಿ–ಸಿದ್ದಾಪುರ ಸೀಮೆಯ ಕರನಿರಾಕರಣೆ.

ಎರಡು ಬಗೆಯ ಹಣ

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಯುದ್ಧ ಮುಗಿದಾಗ ಕೈಬದಲಾಗುವ ಹಣದಲ್ಲಿ ಎರಡು ಬಗೆಯಿದೆ. ಗೆದ್ದವನು ತನ್ನ ಸೇನೆಗೆ ತಗಲಿದ ವೆಚ್ಚವನ್ನೂ ಅದರ ಮೇಲೆ ಒಂದಿಷ್ಟನ್ನೂ ಸೋತವನಿಂದ ವಸೂಲಿ ಮಾಡುವುದು ಯುದ್ಧದಂಡ. ಪ್ರಾಚೀನ ಕಾಲದ ಕಪ್ಪಕಾಣಿಕೆ, ಮರಾಠರ ಖಂಡಣಿ ಇವೆಲ್ಲ ಇದರ ಸಂಬಂಧಿಗಳು. ದಾಳಿ ಮಾಡಿದವನು ತಾನು ಹಾಳುಗೆಡವಿದ ಊರು, ಹೊಲ, ಮನೆಗಳನ್ನು ಮತ್ತೆ ಕಟ್ಟಿಕೊಳ್ಳಲು ಹಣ ಕೊಡುವುದು ಯುದ್ಧಪರಿಹಾರ. ಮೊದಲನೆಯದು ಗೆದ್ದವನ ಬಲವನ್ನು ಅವಲಂಬಿಸಿದೆ. ಎರಡನೆಯದು ತಪ್ಪು ಯಾರದು ಎಂಬ ತೀರ್ಮಾನವನ್ನು. ಒಪ್ಪಂದಪತ್ರಗಳಲ್ಲಿ ಎರಡೂ ಒಂದೇ ಭಾಷೆಯಲ್ಲಿ ಮಾತಾಡುವುದರಿಂದ ಯಾವುದು ಯಾವುದೆಂದು ತಿಳಿಯಬೇಕಾದರೆ ಹಣ ಕೊನೆಗೆ ಯಾರ ಕೈ ಸೇರಿತು ಎಂಬುದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮೂರು ಕೋಟಿ ಮೂವತ್ತು ಲಕ್ಷ

ಮೂರನೆಯ ಮೈಸೂರು ಯುದ್ಧಕ್ಕೆ ನೆಪವಾದದ್ದು 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಸುಲ್ತಾನ ತಿರುವಾಂಕೂರಿನ ಗಡಿಗೋಡೆಯ ಮೇಲೆ ನಡೆಸಿದ ದಾಳಿ. ತಿರುವಾಂಕೂರು ಈಸ್ಟ್ ಇಂಡಿಯಾ ಕಂಪನಿಯ ಮಿತ್ರರಾಜ್ಯ. ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಹೈದರಾಬಾದಿನ ನಿಜಾಮ ಮತ್ತು ಪುಣೆಯ ಪೇಶ್ವೆ ಒಂದಾಗಿ ಮೈಸೂರಿನ ಮೇಲೆ ಬಂದರು. ಅವರ ಲೆಕ್ಕದಲ್ಲಿ ಟಿಪ್ಪು ಆಕ್ರಮಣಕಾರ. ಆದ್ದರಿಂದ ಯುದ್ಧದ ಹೊಣೆಯನ್ನೂ ಖರ್ಚನ್ನೂ ಅವನೇ ಹೊರಬೇಕು. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣ ಮುತ್ತಿಗೆಗೆ ಸಿಕ್ಕಿ, ಪ್ರಾಥಮಿಕ ಷರತ್ತುಗಳಿಗೆ ಒಪ್ಪಿಗೆಯಾಯಿತು. ಮಾರ್ಚ್ 18ರಂದು ಅಂತಿಮ ಒಪ್ಪಂದವಾಯಿತು.

ಷರತ್ತುಗಳು ಕಠಿಣವಾಗಿದ್ದವು. ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೆರಬೇಕು. ಅದರಲ್ಲಿ ಅರ್ಧ, ಎಂದರೆ ಒಂದು ಕೋಟಿ ಅರವತ್ತೈದು ಲಕ್ಷ ತಕ್ಷಣ, ಉಳಿದದ್ದು ಮೂರು ಕಂತುಗಳಲ್ಲಿ. ಹಣ ಸಂದಾಯವಾಗುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಆ ಇಬ್ಬರು ರಾಜಕುಮಾರರಲ್ಲಿ ದೊಡ್ಡವನಿಗೆ ಸುಮಾರು ಹತ್ತು ವರ್ಷ, ಚಿಕ್ಕವನಿಗೆ ಎಂಟು. ಕಾರ್ನ್‌ವಾಲಿಸ್ ಅವರ ಕೈಹಿಡಿದು ಬರಮಾಡಿಕೊಳ್ಳುವ ದೃಶ್ಯ ಇಂಗ್ಲೆಂಡಿನ ಚಿತ್ರಕಾರರಿಗೆ ಬಹುಕಾಲ ಪ್ರಿಯವಾದ ವಸ್ತುವಾಯಿತು. ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಈ ಮೊತ್ತ ಎಷ್ಟು ದೊಡ್ಡದು ಎಂಬುದನ್ನು ಒಪ್ಪಂದದ ಹಂಚಿಕೆಗಾಗಿ ಹಾಕಿದ ಲೆಕ್ಕದಿಂದಲೇ ಅಳೆಯಬಹುದು. ಟಿಪ್ಪುವಿನ ಇಡೀ ರಾಜ್ಯದ ವಾರ್ಷಿಕ ಹುಟ್ಟುವಳಿಯನ್ನು ಅಂದು ಸುಮಾರು ಎರಡು ಕೋಟಿ ಮೂವತ್ತೇಳು ಲಕ್ಷ ರೂಪಾಯಿ ಎಂದು ಗಣಿಸಲಾಗಿತ್ತು. ಅರ್ಧ ರಾಜ್ಯ ಹೋದ ಮೇಲೆ ಉಳಿದದ್ದು ಅದರ ಅರ್ಧ. ಅಂದರೆ ತೆರಬೇಕಾದ ದಂಡ ಉಳಿದ ರಾಜ್ಯದ ಸುಮಾರು ಮೂರು ವರ್ಷಗಳ ಆದಾಯಕ್ಕೆ ಹತ್ತಿರವಾಗಿತ್ತು.

ಹಣ ಎಲ್ಲಿಂದ ಬಂತು? ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ನಂತರ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದರ ವಿವರ ಕೊಡುತ್ತಾನೆ. ಖಜಾನೆಯಿಂದ ಒಂದು ಕೋಟಿ ಹತ್ತು ಲಕ್ಷ, ಸೈನ್ಯದಿಂದ ನಜರಾಣೆಯ ಹೆಸರಿನಲ್ಲಿ ಅರವತ್ತು ಲಕ್ಷ, ಉಳಿದ ಒಂದು ಕೋಟಿ ಅರವತ್ತು ಲಕ್ಷ ಅಧಿಕಾರಿಗಳಿಂದ ಮತ್ತು ಸಾಮಾನ್ಯ ಪ್ರಜೆಗಳಿಂದ. ವಿಲ್ಕ್ಸ್ ಕಂಪನಿಯ ಮನುಷ್ಯ. ಟಿಪ್ಪುವಿನ ಬಗ್ಗೆ ಅವನಿಗೆ ಮೃದು ಭಾವನೆ ಇರಲಿಲ್ಲ ಎಂಬುದನ್ನು ನೆನಪಿನಲ್ಲಿಟ್ಟೇ ಈ ವಿವರವನ್ನು ಓದಬೇಕು. ಆದರೂ ದೊಡ್ಡ ಭಾಗ ಪ್ರಜೆಗಳ ಮೇಲೆ ಬಿತ್ತೆಂಬುದರಲ್ಲಿ ಅಸಹಜವಾದದ್ದೇನೂ ಇಲ್ಲ. ಯಾವ ರಾಜನೂ ಯುದ್ಧದಂಡವನ್ನು ಕೇವಲ ತನ್ನ ಭಂಡಾರದಿಂದ ತೆತ್ತದ್ದಿಲ್ಲ.

ಆಗ ಘಟ್ಟದ ಮೇಲಿನ ಸೋದೆ ಸೀಮೆಯೂ, ಎಂದರೆ ಇಂದಿನ ಸಿರ್ಸಿಯ ಸುತ್ತಲಿನ ಪ್ರದೇಶವೂ, ಮೈಸೂರಿನ ಕೈಯಲ್ಲಿತ್ತು. ಸೋದೆಯ ಅರಸರ ರಾಜ್ಯವನ್ನು ಹೈದರಾಲಿ 1763–64ರ ಸುಮಾರಿಗೆ ಗೆದ್ದುಕೊಂಡಾಗ ಅವರು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದಿದ್ದರು. ಅಡಿಕೆ, ಮೆಣಸಿನ ಈ ನಾಡು 1792ರ ಬಳಿಕವೂ ಟಿಪ್ಪುವಿಗೇ ಉಳಿಯಿತು. ಆದ್ದರಿಂದ ದಂಡದ ಭಾರ ಹೊತ್ತ ಅರ್ಧ ರಾಜ್ಯದಲ್ಲಿ ಇದೂ ಒಂದು ಭಾಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಘಟ್ಟದ ಮೇಲಿನ ಸೋದೆಯನ್ನು ಪೇಶ್ವೆಗಾಗಿ ತೆಗೆದಿರಿಸಲಾಗಿತ್ತು. ಷರತ್ತುಗಳನ್ನು ಪೇಶ್ವೆ ಒಪ್ಪದ ಕಾರಣ ಅದು ಕಂಪನಿಗೆ ಸೇರಿತು. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕನನ್ ಕಂಡದ್ದು ಒಂದು ಕಾಲದ ರಾಜಧಾನಿಯ ಹಾಳುಬಿದ್ದ ರೂಪವನ್ನು.

ಶೃಂಗೇರಿಗೆ ಬಂದ ಹಣ

ಮೂರು ಕೋಟಿ ಮೂವತ್ತು ಲಕ್ಷವನ್ನು ಮೂವರು ಮಿತ್ರರು ಸಮನಾಗಿ ಹಂಚಿಕೊಂಡರು. ತಲಾ ಒಂದು ಕೋಟಿ ಹತ್ತು ಲಕ್ಷ. ಯಾವ ತಿರುವಾಂಕೂರಿನ ಮೇಲಿನ ದಾಳಿ ಯುದ್ಧಕ್ಕೆ ಕಾರಣವೆಂದು ಹೇಳಲಾಯಿತೋ ಆ ತಿರುವಾಂಕೂರಿಗೆ ಈ ಹಂಚಿಕೆಯಲ್ಲಿ ಪಾಲಿರಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದದ್ದು. ಈ ಯುದ್ಧದ ನಡುವೆ, 1791ರಲ್ಲಿ, ಪರಶುರಾಮ ಭಾವೂವಿನ ಮರಾಠಾ ಸೇನೆಗೆ ಸೇರಿದ ದಂಡು ಶೃಂಗೇರಿಯನ್ನು ಲೂಟಿ ಮಾಡಿತು. ಮಠದ ಸಂಪತ್ತು ಹೋಯಿತು, ಜನ ಸತ್ತರು, ಶಾರದಾದೇವಿಯ ವಿಗ್ರಹವನ್ನೇ ಸ್ಥಾನದಿಂದ ಕಿತ್ತರು. ಸ್ವಾಮಿಗಳು ಸ್ಥಳ ಬಿಟ್ಟು ಹೋಗಬೇಕಾಯಿತು. ಅವರು ಟಿಪ್ಪುವಿಗೆ ಬರೆದು ನೆರವು ಕೇಳಿದಾಗ, ಸುಲ್ತಾನ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿ ಇನ್ನೂರು ರಹತಿ ನಗದನ್ನೂ ಇನ್ನೂರು ರಹತಿ ಬೆಲೆಯ ಧಾನ್ಯವನ್ನೂ ಕೊಡಿಸಿದ. ದೇವಿಯ ಪುನಃಪ್ರತಿಷ್ಠೆಗೆ ವ್ಯವಸ್ಥೆ ಮಾಡಿಸಿದ. ರಹತಿ ಎಂದರೆ ಅಂದಿನ ಹೊನ್ನಿನ ನಾಣ್ಯ. ಈ ಪತ್ರವ್ಯವಹಾರವನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಶೃಂಗೇರಿಯನ್ನು ಲೂಟಿ ಮಾಡಿದ ಪಕ್ಷಕ್ಕೆ ಮರುವರ್ಷ ಒಂದು ಕೋಟಿ ಹತ್ತು ಲಕ್ಷ ರೂಪಾಯಿ ‘ಪರಿಹಾರ’ ಸಿಕ್ಕಿತು. ಲೂಟಿಗೊಳಗಾದ ಶೃಂಗೇರಿಯನ್ನು ಮತ್ತೆ ನಿಲ್ಲಿಸಲು ಬಂದ ಹಣ ಸೋತ ರಾಜ್ಯದ ಖಜಾನೆಯದು. ಯುದ್ಧ ಆರಂಭಿಸಿದವನು ಯಾರು ಎಂಬ ಪ್ರಶ್ನೆಗೆ ಯಾರು ಏನೇ ಉತ್ತರ ಕೊಡಲಿ, ಯುದ್ಧದಲ್ಲಿ ಹಾಳಾದ ಊರುಗಳಿಗೂ ಒಪ್ಪಂದದ ಹಣಕ್ಕೂ ಸಂಬಂಧವೇ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಅದು ಯುದ್ಧದಂಡವೇ ಹೊರತು ಯುದ್ಧಪರಿಹಾರವಲ್ಲ.

1799ರ ನಂತರ ಇದೇ ಹೊರೆ ಬೇರೆ ಹೆಸರಿನಲ್ಲಿ ಮುಂದುವರಿಯಿತು. ಹೊಸ ಮೈಸೂರು ಸಂಸ್ಥಾನ ಕಂಪನಿಯ ಸೇನೆಯ ರಕ್ಷಣೆಗಾಗಿ ವರ್ಷಕ್ಕೆ ಏಳು ಲಕ್ಷ ವರಹ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕೊಡಬೇಕೆಂದು ಗೊತ್ತಾಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಮೈಸೂರು ಈ ಪೊಗದಿಯನ್ನು ತೆರುತ್ತಲೇ ಇತ್ತು. ಹಣ ಹೊಂದಿಸಲು ಕಂದಾಯದ ವಸೂಲಿಯನ್ನು ಷರತ್ತಿನ ಮೇಲೆ ಅಮಲುದಾರರಿಗೆ ವಹಿಸಿದಾಗ ಆದ ಸುಲಿಗೆಯೇ 1830ರಲ್ಲಿ ಸಿದ್ದಾಪುರಕ್ಕೆ ನೆರೆಯ ನಗರ ಸೀಮೆಯಲ್ಲಿ ರೈತರ ದಂಗೆಗೆ ಒಂದು ಮುಖ್ಯ ಕಾರಣ. ರೈತರು ‘ಕೂಟ’ ಸೇರಿ ಕಂದಾಯ ಕೊಡುವುದಿಲ್ಲವೆಂದು ನಿಶ್ಚಯಿಸಿದರು. ದಂಗೆ ಅಡಗಿದ ಮೇಲೆ, 1831ರಲ್ಲಿ, ಬೆಂಟಿಂಕ್ ಮೈಸೂರಿನ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡ. ಘಟ್ಟದ ಸೀಮೆಯಲ್ಲಿ ಕರ ನಿರಾಕರಣೆ ಎಂಬುದು ಗಾಂಧೀಜಿಯವರ ಕಾಲದಲ್ಲಿ ಹೊಸದಾಗಿ ಬಂದದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅಡಿಕೆ ತೋಟದ ಯುದ್ಧ

ಕೋಲಸಿರ್ಸಿಯಂಥ ಹಳ್ಳಿಗಳಿರುವ ಸಿದ್ದಾಪುರ ತಾಲ್ಲೂಕು 1930ರ ಹೊತ್ತಿಗೆ ಮುಂಬಯಿ ಪ್ರಾಂತದ ಉತ್ತರ ಕನ್ನಡ ಜಿಲ್ಲೆಯಲ್ಲಿತ್ತು. 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿಸಲಾದ ಜಿಲ್ಲೆ ಇದು. ಕಣಿವೆಯಲ್ಲಿ ಅಡಿಕೆ ತೋಟ, ಬಯಲಿನಲ್ಲಿ ಗದ್ದೆ, ತೋಟಕ್ಕೆ ಸೊಪ್ಪು ತರಲು ಮೇಲಿನ ಬೆಟ್ಟ – ಈ ಮೂರೂ ಕೂಡಿದರೆ ಮಾತ್ರ ಇಲ್ಲಿನ ಬೇಸಾಯ. ಕಾಡು ಸರ್ಕಾರದ ಕೈಗೆ ಹೋಗಿ ಕಾನೂನುಗಳು ಬಿಗಿಯಾದಂತೆ ಸೊಪ್ಪು, ಸೌದೆ, ದನದ ಮೇವು ಎಲ್ಲಕ್ಕೂ ತೊಡಕಾಯಿತು. ಮೇಲೆ 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ಇಳಿಯಿತು. ಕಂದಾಯ ಮಾತ್ರ ನಗದು ರೂಪದಲ್ಲಿ ಮೊದಲೇ ನಿಗದಿಯಾದದ್ದು. ಬೆಲೆ ಇಳಿದರೂ ಅದು ಇಳಿಯುವಂತಿರಲಿಲ್ಲ.

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಜಂಗಲ್ ಸತ್ಯಾಗ್ರಹ, ಆಮೇಲೆ ಕರನಿರಾಕರಣೆ. ಅಂಕೋಲೆ ಮತ್ತು ಸಿದ್ದಾಪುರ ಈ ಚಳವಳಿಯ ಮುಖ್ಯ ಕೇಂದ್ರಗಳಾದವು. 1931ರ ಮಾರ್ಚ್‌ನಲ್ಲಿ ಗಾಂಧಿ–ಇರ್ವಿನ್ ಒಪ್ಪಂದವಾದಾಗ ಹೋರಾಟ ನಿಂತಿತು. 1932ರ ಜನವರಿಯಲ್ಲಿ ಗಾಂಧೀಜಿಯವರ ಬಂಧನವಾದೊಡನೆ ಮತ್ತೆ ಆರಂಭವಾಯಿತು. ಎರಡನೆಯ ಹಂತ ಮೊದಲನೆಯದಕ್ಕಿಂತ ಬಹಳ ಕಠಿಣವಾಗಿತ್ತು.

ಸರ್ಕಾರದ ಕೈಯಲ್ಲಿದ್ದ ಅಸ್ತ್ರ ಕಂದಾಯದ ಕಾನೂನು. ಬಾಕಿಗೆ ನೋಟೀಸು, ಆಮೇಲೆ ಚರಾಸ್ತಿಯ ಜಪ್ತಿ, ಹರಾಜು. ಮನೆಯ ಪಾತ್ರೆಪರಟೆ, ಕೊಟ್ಟಿಗೆಯ ದನಕರು, ಕೊಯ್ದಿಟ್ಟ ಅಡಿಕೆ ಎಲ್ಲವೂ ಹೊರಗೆ ಬಂದವು. ಅದಕ್ಕೂ ಜಗ್ಗದಿದ್ದರೆ ಜಮೀನಿನ ಹಕ್ಕೇ ಮುಟ್ಟುಗೋಲು. ಮುಂಬಯಿ ಪ್ರಾಂತದ ಭೂಕಂದಾಯ ಕಾನೂನಿನ ಪ್ರಕಾರ ಬಾಕಿಯಿರುವ ಮೊತ್ತ ಎಷ್ಟೇ ಇರಲಿ, ಅದಕ್ಕೆ ಒಳಪಟ್ಟ ಭೂಮಿಯ ಸಾಗುವಳಿಯ ಹಕ್ಕನ್ನೇ ರದ್ದುಮಾಡಲು ಅವಕಾಶವಿತ್ತು. ತಲೆಮಾರುಗಳಿಂದ ಬೆಳೆಸಿದ ತೋಟ ಅಲ್ಪ ಮೊತ್ತದ ಕಂದಾಯಕ್ಕಾಗಿ ಕೈಬಿಟ್ಟು ಹೋಗುವುದು ಹೀಗೆ. ಅಡಿಕೆಯ ಸಸಿ ನೆಟ್ಟು ಫಲ ಕಾಣಲು ವರ್ಷಗಟ್ಟಲೆ ಕಾಯಬೇಕೆಂಬುದನ್ನು ಬಲ್ಲವರಿಗೆ ಈ ನಷ್ಟದ ಅಳತೆ ಬೇರೆಯಾಗಿ ಹೇಳಬೇಕಾಗಿಲ್ಲ.

ಅಂಕೋಲೆ, ಸಿದ್ದಾಪುರ ಎರಡೂ ತಾಲ್ಲೂಕು ಸೇರಿ ಸುಮಾರು ಎಂಟು ನೂರು ಕುಟುಂಬಗಳು ಜಮೀನು ಕಳೆದುಕೊಂಡವು. ಜೈಲು ಸೇರಿದವರ ಸಂಖ್ಯೆ ಸಾವಿರದಷ್ಟು; ಅವರಲ್ಲಿ ನೂರರಷ್ಟು ಮಂದಿ ಹೆಂಗಸರು. ಗಂಡಸರು ಜೈಲಿನಲ್ಲಿದ್ದಾಗ ಚಳವಳಿಯನ್ನು ಮುಂದುವರಿಸಿದವರು ಈ ಹೆಂಗಸರೇ. ಹವ್ಯಕರ ಮನೆಗಳಿಂದ, ನಾಡವರ ಮನೆಗಳಿಂದ, ಅದುವರೆಗೆ ಊರಿನ ಗಡಿ ದಾಟಿ ಒಬ್ಬಂಟಿಯಾಗಿ ಹೋಗದಿದ್ದವರು ಪೊಲೀಸರ ಎದುರು ನಿಂತರು.

ಮಾವಿನಗುಂಡಿಯ ಉಪವಾಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜಪ್ತಿ ಮಾಡಿದ್ದು ಸರ್ಕಾರ. ಆದರೆ ಕೊಳ್ಳುವವರಿಲ್ಲದಿದ್ದರೆ ಹರಾಜು ನಡೆಯದು. ನೆರೆಯವನೇ ಕಡಿಮೆ ಬೆಲೆಗೆ ಕೊಂಡಾಗ ನಷ್ಟಕ್ಕೆ ಒಂದು ಶಾಶ್ವತತೆ ಬಂದುಬಿಡುತ್ತದೆ. ಸರ್ಕಾರ ಕೈಯಲ್ಲಿಟ್ಟುಕೊಂಡದ್ದನ್ನು ನಾಳೆ ಹಿಂದಿರುಗಿಸಬಹುದು, ಮೂರನೆಯವನಿಗೆ ಮಾರಿದ್ದನ್ನು ಹಿಂದಿರುಗಿಸುವುದು ಕಷ್ಟ. ಕೊಂಡವರ ಮನಸ್ಸು ಕರಗಿಸಬೇಕೆಂದು ಹೆಂಗಸರು ಅವರ ಬಾಗಿಲಲ್ಲೇ ಕುಳಿತದ್ದಕ್ಕೆ ಕಾರಣ ಇದು. 1934ರಲ್ಲಿ ಹರಿಜನ ಪ್ರವಾಸದ ನಿಮಿತ್ತ ಸಿರ್ಸಿ, ಸಿದ್ದಾಪುರಗಳಿಗೆ ಬಂದ ಗಾಂಧೀಜಿ ಆಸ್ತಿ ಕಳೆದುಕೊಂಡ ಕುಟುಂಬಗಳವರನ್ನು ಕಂಡರು.

ಒಪ್ಪಂದದ ಹದಿನೇಳನೆಯ ಕಲಮು

ಮಾರಿದ ಆಸ್ತಿಯ ಪ್ರಶ್ನೆ ಎಷ್ಟು ಜಟಿಲ ಎಂಬುದು 1931ರಲ್ಲೇ ಗೊತ್ತಾಗಿತ್ತು. ಗಾಂಧಿ–ಇರ್ವಿನ್ ಒಪ್ಪಂದವನ್ನು ಬಹಳ ಮಂದಿ ಕೈದಿಗಳ ಬಿಡುಗಡೆ, ಉಪ್ಪಿನ ರಿಯಾಯಿತಿಗಳಿಗಾಗಿ ನೆನೆಯುತ್ತಾರೆ. ಅದರ ಹಲವು ಕಲಮುಗಳು ಆಸ್ತಿಗೆ ಸಂಬಂಧಿಸಿದವು. ವಸೂಲಾಗದ ದಂಡಗಳನ್ನು ಮನ್ನಾ ಮಾಡಲಾಗುವುದು. ವಸೂಲಾದದ್ದನ್ನು ಮರಳಿ ಕೊಡುವುದಿಲ್ಲ. ಜಪ್ತಿಯಾದ ಚರಾಸ್ತಿ ಸರ್ಕಾರದ ವಶದಲ್ಲೇ ಇದ್ದರೆ ಹಿಂದಿರುಗಿಸಲಾಗುವುದು, ಕೆಟ್ಟುಹೋಗಿದ್ದರೆ ಅದಕ್ಕೆ ಪರಿಹಾರವಿಲ್ಲ, ಮಾರಾಟವಾಗಿದ್ದರೆ ಪರಿಹಾರವಿಲ್ಲ. ಸ್ಥಿರಾಸ್ತಿಯನ್ನು ಕುರಿತ ಹದಿನೇಳನೆಯ ಕಲಮು ಹೇಳಿದ್ದೂ ಇದನ್ನೇ: ಮೂರನೆಯವರಿಗೆ ಮಾರಿದ ಜಮೀನಿನ ವ್ಯವಹಾರ, ಸರ್ಕಾರದ ಮಟ್ಟಿಗೆ, ಮುಗಿದುಹೋದ ವ್ಯವಹಾರ.

ಗಾಂಧೀಜಿ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಈ ಮಾರಾಟಗಳಲ್ಲಿ ಕೆಲವಾದರೂ ಕಾನೂನಿಗೆ ವಿರುದ್ಧ, ಅನ್ಯಾಯದ ಮಾರಾಟಗಳು ಎಂದು ತಾವು ನಂಬುವುದಾಗಿ ತಿಳಿಸಿದರು. ಆ ಮಾತನ್ನೂ, ಸರ್ಕಾರ ಅದನ್ನು ಒಪ್ಪಲಾರದು ಎಂಬ ಮಾತನ್ನೂ ಒಪ್ಪಂದದ ಟಿಪ್ಪಣಿಯಲ್ಲಿ ದಾಖಲಿಸಲಾಯಿತು. ಬ್ರಿಟಿಷ್ ಸರ್ಕಾರ ರಾಜಿಗೆ ಸಿದ್ಧವಿತ್ತು. ತನ್ನದು ತಪ್ಪು, ಆದ್ದರಿಂದ ಪರಿಹಾರ ಕೊಡುತ್ತೇನೆ ಎಂಬ ಮಾತಿಗೆ ಸಿದ್ಧವಿರಲಿಲ್ಲ. 1932ರ ನಂತರವಂತೂ ರಾಜಿಯೂ ಇರಲಿಲ್ಲ.

ಖಜಾನೆಯ ಹಣ, ಕೊಂಡವರ ಕೈಗೆ

ಬದಲಾವಣೆ ಬಂದದ್ದು 1937ರಲ್ಲಿ. ಪ್ರಾಂತಗಳಲ್ಲಿ ಚುನಾವಣೆಯಾಗಿ ಮುಂಬಯಿಯಲ್ಲಿ ಬಿ. ಜಿ. ಖೇರ್ ಅವರ ನೇತೃತ್ವದ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಕಂದಾಯ ಮಂತ್ರಿ ಮೊರಾರ್ಜಿ ದೇಸಾಯಿ. ಗುಜರಾತಿನ ಬಾರ್ಡೋಲಿ, ಖೇಡಾ ಕಡೆಯ ರೈತರೂ ಕರ್ನಾಟಕದ ಅಂಕೋಲೆ, ಸಿದ್ದಾಪುರದ ರೈತರೂ ಇದೇ ಪ್ರಾಂತದವರು. ಕಳೆದುಕೊಂಡ ಜಮೀನನ್ನು ಮರಳಿ ಕೊಡಿಸುವುದಾಗಿ ಅವರಿಗೆ ಕಾಂಗ್ರೆಸ್ಸು ಕೊಟ್ಟಿದ್ದ ಮಾತನ್ನು ನಡೆಸಬೇಕಾಗಿತ್ತು.

ಆದರೆ ಹೇಗೆ? ಕೊಂಡವರ ಕೈಯಲ್ಲಿ ಕ್ರಯಪತ್ರವಿತ್ತು. ಪರಿಹಾರ ಕೊಡದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ ಎಂದು 1935ರ ಭಾರತ ಸರ್ಕಾರದ ಕಾಯ್ದೆಯ 299ನೆಯ ಕಲಮು ಹೇಳುತ್ತಿತ್ತು. ಜಪ್ತಿ ಮಾಡುವಾಗ ರೈತನಿಗೆ ಸಿಗದ ರಕ್ಷಣೆ ಅವನ ಜಮೀನು ಕೊಂಡವನಿಗೆ ಈಗ ಸಿಕ್ಕಿತ್ತು. ಮಂತ್ರಿಮಂಡಲ ಕಂಡುಕೊಂಡ ಮಾರ್ಗವೆಂದರೆ 1938ರಲ್ಲಿ ಒಂದು ವಿಶೇಷ ಕಾನೂನು ಮಾಡಿ, ಕೊಂಡವರಿಗೆ ಸರ್ಕಾರವೇ ಹಣ ಕೊಟ್ಟು ಜಮೀನನ್ನು ಪಡೆದು, ಅದನ್ನು ಮೂಲ ಒಡೆಯರಿಗೆ ಒಪ್ಪಿಸುವುದು. ಹೀಗೆ 1938–39ರಲ್ಲಿ ಅಂಕೋಲೆ, ಸಿದ್ದಾಪುರದ ಕುಟುಂಬಗಳಿಗೆ ಜಮೀನು ಮರಳಿತು. ಆರೇಳು ವರ್ಷಗಳ ಅಂತರದ ನಂತರ ಜನ ತಮ್ಮ ತೋಟಕ್ಕೆ ಕಾಲಿಟ್ಟರು. 1939ರ ನವೆಂಬರಿನಲ್ಲಿ ಎರಡನೆಯ ಮಹಾಯುದ್ಧದ ಪ್ರಶ್ನೆಯ ಮೇಲೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಇನ್ನೊಂದಿಷ್ಟು ತಡವಾಗಿದ್ದರೆ ಈ ಕೆಲಸ ಸ್ವಾತಂತ್ರ್ಯ ಬರುವವರೆಗೆ ಕಾಯಬೇಕಾಗುತ್ತಿತ್ತೇನೋ.

ಇದು ದೊಡ್ಡ ಗೆಲುವು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಪರಿಹಾರದ ಹಣ ಬಂದದ್ದು ಪ್ರಾಂತದ ಖಜಾನೆಯಿಂದ. ಖಜಾನೆಗೆ ಬಂದದ್ದು ರೈತರ ಕಂದಾಯದಿಂದ ಮತ್ತು ಇತರ ಪ್ರಜೆಗಳ ತೆರಿಗೆಯಿಂದ. ಜಪ್ತಿಯ ಆಜ್ಞೆ ಹೊರಡಿಸಿದ ಸಾಮ್ರಾಜ್ಯ ತನ್ನ ಕಿಸೆಯಿಂದ ಒಂದು ಕಾಸನ್ನೂ ತೆರಲಿಲ್ಲ. ಹಣ ಸೇರಿದ್ದು ಹರಾಜಿನಲ್ಲಿ ಕೊಂಡವರ ಕೈಗೆ. ಜಮೀನು ಕಳೆದುಕೊಂಡವನಿಗೆ ಜಮೀನು ಬಂತು. ನಡುವಿನ ವರ್ಷಗಳ ಫಸಲು, ಮಾರಿಹೋದ ದನಕರು, ಪಾತ್ರೆ, ಜೈಲಿನಲ್ಲಿ ಕೆಟ್ಟ ಆರೋಗ್ಯ ಇವು ಯಾವ ಕಾನೂನಿನ ಲೆಕ್ಕಕ್ಕೂ ಬರಲಿಲ್ಲ.

ಜಗತ್ತಿನ ಅನುಭವ

ಇದೇ ವರ್ಷಗಳಲ್ಲಿ ಯೂರೋಪು ಯುದ್ಧಪರಿಹಾರದ ದೊಡ್ಡ ಪ್ರಯೋಗವೊಂದರಲ್ಲಿ ಸೋಲುತ್ತಿತ್ತು. ಮೊದಲನೆಯ ಮಹಾಯುದ್ಧದ ಹೊಣೆ ಜರ್ಮನಿಯದೆಂದು 1919ರ ವರ್ಸೇಲ್ಸ್ ಒಪ್ಪಂದ ಹೇಳಿತು. 1921ರಲ್ಲಿ 132 ಶತಕೋಟಿ ಚಿನ್ನದ ಮಾರ್ಕುಗಳೆಂದು ಮೊತ್ತ ನಿಗದಿಯಾಯಿತು. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಹಾಳಾದ ಊರುಗಳನ್ನು ಕಟ್ಟಬೇಕಾಗಿತ್ತಾದ್ದರಿಂದ ಬೇಡಿಕೆಯಲ್ಲಿ ನ್ಯಾಯವಿತ್ತು. ಆದರೆ ಕಂತು ತಪ್ಪಿತೆಂದು 1923ರಲ್ಲಿ ಫ್ರಾನ್ಸ್ ರೂರ್ ಪ್ರದೇಶವನ್ನು ಆಕ್ರಮಿಸಿತು; ಜರ್ಮನಿಯ ನಾಣ್ಯ ಕಾಗದದ ಚೂರಾಯಿತು. ಕಂತುಗಳನ್ನು 1924ರಲ್ಲೊಮ್ಮೆ, 1929ರಲ್ಲೊಮ್ಮೆ ಇಳಿಸಿದರು. ಕೊನೆಗೆ 1932ರ ಜುಲೈನಲ್ಲಿ ಲೋಸಾನಿನಲ್ಲಿ ಸೇರಿ, ಬಾಕಿಯನ್ನು ಬಹುಮಟ್ಟಿಗೆ ಕೈಬಿಟ್ಟರು. ಆರ್ಥಿಕ ಕುಸಿತದ ಕಾಲದಲ್ಲಿ ತೆರಲಾರದವನಿಂದ ವಸೂಲಿ ಮಾಡಲಾಗದು ಎಂಬುದು ಅಂದು ಬ್ರಿಟನ್ನೂ ಒಪ್ಪಿದ ಮಾತು. ಅದೇ 1932ರಲ್ಲಿ, ಅದೇ ಆರ್ಥಿಕ ಕುಸಿತದ ನಡುವೆ, ಸಿದ್ದಾಪುರದ ರೈತರ ತೋಟಗಳು ಹರಾಜಾಗುತ್ತಿದ್ದವು.

ಪೀಡಿತರೇ ಪೀಡಕನಿಗೆ ಹಣ ತೆತ್ತ ಉದಾಹರಣೆಯೂ ಇದೆ. ಗುಲಾಮಗಿರಿಯನ್ನು ಕಿತ್ತೊಗೆದು ಸ್ವತಂತ್ರವಾದ ಹೈಟಿ ದೇಶದಿಂದ 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ನಿಲ್ಲಿಸಿ 150 ದಶಲಕ್ಷ ಫ್ರಾಂಕ್ ಕೇಳಿತು. ಗುಲಾಮರ ಒಡೆಯರಿಗಾದ ‘ನಷ್ಟ’ಕ್ಕೆ ಪರಿಹಾರವಂತೆ. 1838ರಲ್ಲಿ ಅದನ್ನು 90 ದಶಲಕ್ಷಕ್ಕೆ ಇಳಿಸಲಾಯಿತು. ಹಣ ಹೊಂದಿಸಲು ಮಾಡಿದ ಸಾಲ ಆ ಬಡ ದೇಶವನ್ನು ತಲೆಮಾರುಗಳವರೆಗೆ ಹಿಂಡಿತು.

ಹಣ ನೇರವಾಗಿ ನೊಂದವರ ಕೈ ಸೇರಿದ ಅಪರೂಪದ ಪ್ರಸಂಗ ಕುವೈತಿನದು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿತು. ಇರಾಕಿನ ತೈಲ ಮಾರಾಟದ ಒಂದು ಪಾಲನ್ನು ಇದಕ್ಕೆ ಮುಡಿಪಾಗಿಟ್ಟರು. ಈ ಆಯೋಗ ಸರ್ಕಾರಗಳ, ತೈಲ ಕಂಪನಿಗಳ ದೊಡ್ಡ ಅರ್ಜಿಗಳನ್ನು ಹಿಂದಕ್ಕಿಟ್ಟು, ಕೆಲಸ ಬಿಟ್ಟು ಓಡಿಬಂದ ಸಾಮಾನ್ಯರ ಅರ್ಜಿಗಳನ್ನು ಮೊದಲು ತೆಗೆದುಕೊಂಡದ್ದು ವಿಶೇಷ. ದೇಶ ಬಿಟ್ಟು ಹೋಗಬೇಕಾಗಿ ಬಂದ ಪ್ರತಿ ವ್ಯಕ್ತಿಗೆ 2,500ರಿಂದ 4,000 ಡಾಲರ್‌ವರೆಗೆ ನಿಗದಿತ ಮೊತ್ತ ಸಿಕ್ಕಿತು. ಹೀಗೆ ಹಣ ಪಡೆದವರಲ್ಲಿ ಭಾರತೀಯ ಕಾರ್ಮಿಕರೂ ಇದ್ದರು. ಒಟ್ಟು 52.4 ಶತಕೋಟಿ ಡಾಲರ್ ಪಾವತಿಯಾಗಿ 2022ರಲ್ಲಿ ಲೆಕ್ಕ ಮುಗಿಯಿತು. ಆದರೆ ಇಲ್ಲೂ ತೆತ್ತದ್ದು ಸದ್ದಾಂ ಹುಸೇನ್ ಅಲ್ಲ. ಅವನ ಪತನವಾಗಿ ಎರಡು ದಶಕ ಕಳೆಯುತ್ತ ಬಂದರೂ ಕಂತು ಕಟ್ಟುತ್ತಿದ್ದವರು, ಆ ಯುದ್ಧದ ಕಾಲಕ್ಕೆ ಹುಟ್ಟಿಯೇ ಇರದ ಇರಾಕಿನ ಮಕ್ಕಳು.

ಯುಕ್ರೇನಿನ ವಿಷಯದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿದೆ. 2022ರಲ್ಲಿ ರಷ್ಯಾ ದಾಳಿ ಮಾಡಿದಾಗ ಪಾಶ್ಚಾತ್ಯ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಆಸ್ತಿಯನ್ನು ತಡೆಹಿಡಿದವು. ಹತ್ತು ವರ್ಷಗಳ ಪುನರ್ನಿರ್ಮಾಣಕ್ಕೆ 524 ಶತಕೋಟಿ ಡಾಲರ್ ಬೇಕಾದೀತೆಂದು 2025ರ ಫೆಬ್ರುವರಿಯಲ್ಲಿ ವಿಶ್ವಬ್ಯಾಂಕ್ ಮೊದಲಾದ ಸಂಸ್ಥೆಗಳು ಅಂದಾಜು ಮಾಡಿದವು. 2024ರಲ್ಲಿ ಏಳು ಶ್ರೀಮಂತ ದೇಶಗಳು ತಡೆಹಿಡಿದ ಆಸ್ತಿಯ ಗಳಿಕೆಯ ಆಧಾರದ ಮೇಲೆ 50 ಶತಕೋಟಿ ಡಾಲರ್ ಸಾಲಕ್ಕೆ ಒಪ್ಪಿದವು. ಅಸಲಿಗೆ ಕೈಹಾಕಲು ಹಿಂಜರಿದವು. ಒಂದು ದೇಶದ ಹಣವನ್ನು ಕಾನೂನಿನ ತೀರ್ಪಿಲ್ಲದೆ ಕಿತ್ತುಕೊಂಡರೆ ನಾಳೆ ಯಾರ ಠೇವಣಿಯೂ ಸುರಕ್ಷಿತವಲ್ಲ ಎಂಬ ವಾದ ಒಂದು ಕಡೆ. ಮನೆ ಸುಟ್ಟವನ ಹಣ ಬ್ಯಾಂಕಿನಲ್ಲಿ ಬೆಚ್ಚಗಿರುವಾಗ ಸುಟ್ಟ ಮನೆಯವನು ಸಾಲ ಮಾಡಬೇಕೇ ಎಂಬ ವಾದ ಇನ್ನೊಂದು ಕಡೆ. ಎರಡರಲ್ಲೂ ತಥ್ಯವಿದೆ. 1938ರಲ್ಲಿ ಮುಂಬಯಿ ಮಂತ್ರಿಮಂಡಲದ ಮುಂದಿದ್ದದ್ದೂ ಇಂಥದೇ ಇಕ್ಕಟ್ಟು: ಅನ್ಯಾಯದಿಂದ ಕೈಬದಲಾದ ಆಸ್ತಿಯನ್ನು ನ್ಯಾಯದ ಮಾರ್ಗದಲ್ಲೇ ಹಿಂದಕ್ಕೆ ತರುವುದು.

ಮಾವಿನಗುಂಡಿಯ ಹೆಂಗಸರು ಯಾರಿಂದಲೂ ಹಣ ಕೇಳಿರಲಿಲ್ಲ. ನೆರೆಯವನು ತಾನು ಕೊಂಡದ್ದನ್ನು ಬಿಟ್ಟುಕೊಡಲಿ ಎಂದಷ್ಟೇ ಕೇಳಿದ್ದರು. ದೊಡ್ಡ ಒಪ್ಪಂದಗಳು ಮೂರನೆಯವರಿಗೆ ಮಾರಿದ್ದನ್ನು ಮುಗಿದ ವ್ಯವಹಾರವೆಂದು ಬರೆದಿಟ್ಟಾಗ ಅದನ್ನು ಒಪ್ಪದೆ ಆ ಬಾಗಿಲಲ್ಲಿ ಕುಳಿತವರು ಅವರು. ಆರು ವರ್ಷಗಳ ನಂತರ ಸರ್ಕಾರ ಕಾನೂನು ಮಾಡಿ ಹೋದದ್ದೂ ಅದೇ ಬಾಗಿಲಿಗೆ, ಹಣದ ಗಂಟಿನೊಂದಿಗೆ.